ಬೆಕ್ಕಿನ ಮರಿಗಳ ಮದುವೆ ಮತ್ತು ಹಳೆಯ ವಸ್ತುಗಳ ಮೋಹ

ಹಳೆಯ ವಸ್ತುಗಳನ್ನು ಹುಡುಕಿ, ಕೊಂಡು, ಮನೆಯಲ್ಲಿ ಅಂದವಾಗಿ ಜೋಡಿಸಿಡುವ ಅಭಿರುಚಿಯು ಈಚಿನ ವರ್ಷಗಳಲ್ಲಿ ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿಯೂ ಕಾಲಿರಿಸಿದೆ. ಹಿಂದೆ ಇದು ಅರಸರಿಗೂ ಶ್ರೀಮಂತ ಪ್ರವಾಸಿಗಳಿಗೂ ಮೀಸಲಾದ ಹವ್ಯಾಸವಾಗಿತ್ತು. ಅಂತರ್ಜಾಲದ ಅಂಗಡಿಗಳು ಬಂದ ಮೇಲೆ, ಮೊದಲ ಸಂಬಳ ಎಣಿಸಿದ ತರುಣನೂ ದೂರದೇಶದ ಯಾವುದೋ ಮನೆಯ ಅಟ್ಟದಿಂದ ಇಳಿದ ತಗಡಿನ ಗೊಂಬೆಯನ್ನು ಮಲಗುವ ಮುನ್ನ ಕೊಂಡುಬಿಡಬಲ್ಲ. ಅಜ್ಜಿಯ ಕಾಲದ ಕೈಚೀಲ, ಬಣ್ಣ ಮಾಸಿದ ಅಂಚೆ ಕಾರ್ಡು, ಬೆಂಕಿಪೊಟ್ಟಣದ ಚಿತ್ರ, ಗರಿ ಸಿಕ್ಕಿಸಿದ ಟೋಪಿ, ತುಪ್ಪಳದ ಕೋಟು, ನೋಡಿದೊಡನೆ ನಗೆ ತರಿಸುವ ವಿಚಿತ್ರ ಕಲಾಕೃತಿ, ಇವೆಲ್ಲ ಈಗ ಒಂದೇ ಸಾಲಿನಲ್ಲಿ ಮಾರಾಟಕ್ಕಿವೆ.

ಇದರ ಪರವಾಗಿ ಹೇಳುವ ಮಾತು ಕೇಳಲು ಹಿತವಾಗಿದೆ. ಹೊಸದನ್ನು ತಯಾರಿಸಿಲ್ಲ, ಯಾವ ಜೀವಕ್ಕೂ ಈಗ ನೋವಾಗಿಲ್ಲ, ಬಿಸಾಡಬಹುದಾಗಿದ್ದ ವಸ್ತುವನ್ನು ಉಳಿಸಿದ್ದೇವೆ. ಆದ್ದರಿಂದ ಹಳತನ್ನು ಕೊಳ್ಳುವುದು ಹೊಸತನ್ನು ಕೊಳ್ಳುವುದಕ್ಕಿಂತ ನಿರ್ದೋಷವಾದುದು, ಎಂಬುದು ಆ ವಾದ. ಇದನ್ನು ಪೂರ್ಣವಾಗಿ ತಳ್ಳಿಹಾಕಲು ಬಾರದು. ಆದರೆ ವಸ್ತುವಿನ ವಯಸ್ಸನ್ನೇ ಅದರ ಶುದ್ಧಿಗೆ ಪ್ರಮಾಣಪತ್ರವೆಂದು ಒಪ್ಪಬಹುದೇ ಎಂಬುದು ವಿಚಾರಣೀಯ. ಈ ವಾದವನ್ನು ಒರೆಗೆ ಹಚ್ಚಲು ಒಂದು ಪ್ರಸಿದ್ಧ ಕೃತಿಯನ್ನು ಆರಿಸಿಕೊಂಡಿದ್ದೇನೆ. ವಿನೋದಕಲೆಯ ಸಂಗ್ರಾಹಕರು ಅದನ್ನು ತಮ್ಮ ಪಂಥದ ಮುಕುಟಮಣಿಯೆಂದು ಭಾವಿಸುತ್ತಾರೆ.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬ್ರಾಂಬರ್ ಎಂಬ ಹಳ್ಳಿಯಲ್ಲಿ 1835ರಲ್ಲಿ ಜನಿಸಿದ ವಾಲ್ಟರ್ ಪಾಟರ್ ಒಬ್ಬ ವಸತಿಗೃಹದ ಮಾಲೀಕನ ಮಗ. ಸತ್ತ ಪ್ರಾಣಿಯ ಚರ್ಮವನ್ನು ಬಿಡಿಸಿ, ಹದಮಾಡಿ, ಒಳಗೆ ತುಂಬು ತುಂಬಿ, ಜೀವಂತವಿದ್ದಂತೆ ನಿಲ್ಲಿಸುವ ಕಸಬನ್ನು ಬಾಲ್ಯದಲ್ಲಿಯೇ ತಾನಾಗಿ ಕಲಿತ. ಅಂದಿನ ಇಂಗ್ಲೆಂಡಿನಲ್ಲಿ ಇದು ವಿಚಿತ್ರ ಹವ್ಯಾಸವಾಗಿರಲಿಲ್ಲ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜರ್ಮನಿಯ ಹರ್ಮನ್ ಪ್ಲೂಕೆ ಎಂಬಾತ ಮನುಷ್ಯರಂತೆ ವರ್ತಿಸುವ ಪ್ರಾಣಿಗಳ ದೃಶ್ಯಗಳನ್ನು ಇದೇ ವಿಧಾನದಿಂದ ಮಾಡಿ ತೋರಿಸಿದಾಗ ರಾಣಿ ವಿಕ್ಟೋರಿಯಾ ಸಹ ಮೆಚ್ಚಿದ್ದಳು. ಪಾಟರ್ ಈ ದಾರಿಯಲ್ಲಿ ಬಹುದೂರ ನಡೆದ. ಮಕ್ಕಳ ಪದ್ಯವೊಂದನ್ನು ಆಧರಿಸಿದ 'ಕಾಕ್ ರಾಬಿನ್ ಹಕ್ಕಿಯ ಸಾವು ಮತ್ತು ಶವಸಂಸ್ಕಾರ'ವನ್ನು 1861ರಲ್ಲಿ ಮುಗಿಸಿದ. ಅದರಲ್ಲಿ ಶೋಕಯಾತ್ರೆಗೆ ಬಂದವರೆಲ್ಲ ನಿಜವಾದ ಹಕ್ಕಿಗಳೇ. ಆಮೇಲೆ 'ಮೊಲಗಳ ಹಳ್ಳಿಶಾಲೆ' ಬಂತು. ನಲವತ್ತೆಂಟು ಮೊಲದ ಮರಿಗಳು ಬೆಂಚುಗಳ ಮೇಲೆ ಕುಳಿತು ಸ್ಲೇಟಿನ ಮೇಲೆ ಲೆಕ್ಕ ಬರೆಯುತ್ತಿವೆ. ಒಂದು ಮರಿ ಪುಸ್ತಕದ ಮೇಲೆ ಶಾಯಿ ಚೆಲ್ಲಿಕೊಂಡು ಅಳುತ್ತಿದೆ. ಅಳಿಲುಗಳು ಸಿರಿವಂತರ ಕ್ಲಬ್ಬಿನಲ್ಲಿ ಕುಳಿತಿವೆ. ಇಲಿಗಳ ಜೂಜುಕಟ್ಟೆಯ ಮೇಲೆ ಪೊಲೀಸ್ ಇಲಿಗಳು ದಾಳಿ ಮಾಡುತ್ತಿವೆ. 1890ರ ಸುಮಾರಿಗೆ ರಚಿತವಾದುದು 'ಬೆಕ್ಕಿನ ಮರಿಗಳ ಮದುವೆ'. ಗಾಜಿನ ಪೆಟ್ಟಿಗೆಯೊಳಗೆ ಇಪ್ಪತ್ತು ಮರಿಗಳು. ವಧುವಿಗೆ ತಲೆಯ ಮೇಲಿಂದ ಇಳಿಬಿದ್ದ ಬಿಳಿಯ ಜಾಲರಿವಸ್ತ್ರ. ವರನಿಗೆ ಕರಿಯ ಕೋಟು. ಪುರೋಹಿತ ಮರಿಯ ಮುಂದೆ ಗ್ರಂಥ. ಸುತ್ತ ಮಣಿಸರ ತೊಟ್ಟ ಬಂಧುಮಿತ್ರರು.

ಪಾಟರನ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳುತ್ತೇನೆ. ಈತ ಮೃಗಯಾವಿಹಾರಿಯಾಗಿರಲಿಲ್ಲ. ತನ್ನ ಪ್ರದರ್ಶನಕ್ಕೆಂದು ಪ್ರಾಣಿಗಳನ್ನು ಕೊಂದಿಲ್ಲವೆಂಬುದು ಅವನ ಸಂಗ್ರಹಾಲಯದ ಹೇಳಿಕೆ. ಬೆಕ್ಕಿನ ಮರಿಗಳು ನೆರೆಯ ಹೊಲಮನೆಯಲ್ಲಿ ಹುಟ್ಟಿದ, ಸಾಕಲು ಬೇಡವೆನಿಸಿದ ಮರಿಗಳು. ಹಳ್ಳಿಗಾಡಿನಲ್ಲಿ ಅಂಥ ಮರಿಗಳನ್ನು ಕೊಲ್ಲುವುದು ಅಂದು ವಾಡಿಕೆಯೇ ಆಗಿತ್ತು. ಅವನ ಪ್ರಾಣಿಗಳ ಅಂಗಸೌಷ್ಠವ ಒರಟಾದುದೆಂದು ಆ ಕಸಬಿನ ಬಲ್ಲವರು ಹೇಳುತ್ತಾರೆ. ಆದರೆ ಸುತ್ತಲಿನ ಸಾಮಗ್ರಿಯಲ್ಲಿ ಅವನು ತೋರಿದ ತಾಳ್ಮೆ ಅಸಾಮಾನ್ಯ. ಬೆರಳುಗುರಿನಷ್ಟು ಪುಸ್ತಕ, ಅದರೊಳಗೆ ಅಕ್ಷರ. ಹಳ್ಳಿಯ ಜೀವನವನ್ನು ಹತ್ತಿರದಿಂದ ಕಂಡವನ ನಗು ಅಲ್ಲಿದೆ. ಮದುವೆಮನೆಯ ಡಂಭ, ಶಾಲೆಯ ಭಯ, ಸಿರಿವಂತರ ಆಲಸ್ಯ, ಇವನ್ನು ಅವನು ಬಲ್ಲ.

ಹಾಗಾದರೆ ಕೊರತೆ ಎಲ್ಲಿ? ಕೃತಿಯು ನಮಗೆ ನಗೆ ಬರಿಸುವುದು ಮನುಷ್ಯನ ಸಣ್ಣತನವನ್ನು ಪುಟ್ಟ ಮೈಗಳಲ್ಲಿ ತೋರಿಸುವುದರಿಂದ. ಈ ನಗೆಗೆ ನಿಜವಾದ ಮರಿಯ ಚರ್ಮ ಅವಶ್ಯಕವೇ? ಮಣ್ಣು, ಮರ, ಬಟ್ಟೆಯಲ್ಲಿ ಇದೇ ಮದುವೆಯನ್ನು ಮಾಡಬಹುದಿತ್ತು. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರು ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ ಎಲ್ಲವನ್ನೂ ಮಾಡಿಯೇ ಇದ್ದಾರೆ. ಚನ್ನಪಟ್ಟಣದ ಮತ್ತು ಕಿನ್ನಾಳದ ಗೊಂಬೆಗಳು ಯಾವ ಮಗುವನ್ನು ನಗಿಸಿಲ್ಲ? (ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗಿನ ಪ್ರಶ್ನೆ ಬೇರೆ, ಅದನ್ನು ಇನ್ನೊಮ್ಮೆ ನೋಡೋಣ.) ಪಾಟರನ ಕೃತಿಯಲ್ಲಿ ಮರಿಯು ನಿಜವಾದುದೆಂಬ ಅರಿವೇ ಆಕರ್ಷಣೆ. ಪ್ರೇಕ್ಷಕನು ಒಮ್ಮೆ ನಕ್ಕು, ಮರುಕ್ಷಣ ಇವೆಲ್ಲ ಒಂದು ಕಾಲಕ್ಕೆ ಉಸಿರಾಡುತ್ತಿದ್ದವು ಎಂದು ನೆನೆದು ಮೈ ಜುಮ್ಮೆನಿಸಿಕೊಂಡು, ಆ ಜುಮ್ಮನ್ನೇ ಸವಿಯುತ್ತಾನೆ. ಇಂದಿನ ಸಂಗ್ರಾಹಕನು ಹಣ ಕೊಡುವುದು ಈ ಎರಡನೆಯ ಸವಿಗೆ. ಕಲೆಯೆಂಬ ದೃಷ್ಟಿಯಿಂದಲೂ ನಾನು ಇದನ್ನು ಕೆಳದರ್ಜೆಯದೆಂದೇ ಎಣಿಸುತ್ತೇನೆ, ಏಕೆಂದರೆ ಇಲ್ಲಿ ಕಲಾವಿದನು ಸೃಷ್ಟಿಸಬೇಕಾದ ಭಾವವನ್ನು ಕಳೇಬರವು ಸಾಲವಾಗಿ ಕೊಟ್ಟಿದೆ.

ಜನ್ನಕವಿಯ 'ಯಶೋಧರ ಚರಿತೆ'ಯನ್ನು ಓದಿದ ವಾಚಕರಿಗೆ ಇಲ್ಲಿ ಒಂದು ಪ್ರಸಂಗ ತಾನಾಗಿ ನೆನಪಾಗಬೇಕು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಸತ್ತದ್ದು ಹಿಟ್ಟು, ರಕ್ತವಿಲ್ಲ. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದ ಕಾರಣ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳ ಸರಣಿಯನ್ನೇ ಅನುಭವಿಸಬೇಕಾಯಿತು. ಹಿಟ್ಟಿನ ಪ್ರತಿಮೆಯಲ್ಲಿ ಜೀವವನ್ನು ಭಾವಿಸಿ ಕತ್ತಿ ಎತ್ತಿದವನ ಕಥೆ ಅದು. ಪಾಟರನ ಪೆಟ್ಟಿಗೆಯಲ್ಲಿ ನಡೆದುದು ಇದರ ತಿರುವು: ಜೀವವಿದ್ದ ಮೈಯನ್ನು ಹಿಟ್ಟಿನಂತೆ ಭಾವಿಸಿ ಕೋಟು ತೊಡಿಸಲಾಗಿದೆ. ಅಲ್ಲಿ ವಸ್ತು ನಿರ್ದೋಷ, ಭಾವ ಸದೋಷ. ಇಲ್ಲಿ ಕಲಾವಿದನ ಭಾವದಲ್ಲಿ ಕ್ರೌರ್ಯವಿಲ್ಲವೆಂದೇ ಒಪ್ಪೋಣ. ಆದರೆ ಜೀವವು ಹೋದುದನ್ನು ಲಘುವಾಗಿ ಕಾಣುವ ಅಭ್ಯಾಸವನ್ನು ಕೃತಿಯು ನೋಡುವವನಲ್ಲಿ ಬೆಳೆಸುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ಗುರುತಿಸಿದ್ದಾರಷ್ಟೆ. ನೂರು ವರ್ಷದ ಹಿಂದಿನ ಸಾವನ್ನು ನಾವು ಮಾಡಿಲ್ಲ, ಮಾಡಿಸಿಲ್ಲ. ಮೂರನೆಯ ಬಾಗಿಲು ಮಾತ್ರ ಕಾಲದಿಂದ ಮುಚ್ಚುವುದಿಲ್ಲ.

ಪಾಟರ್ 1918ರಲ್ಲಿ ತೀರಿಕೊಂಡ. ಅವನ ಸಂಗ್ರಹ ಬ್ರಾಂಬರ್ ಬಿಟ್ಟು ಊರೂರು ಅಲೆದು ಕೊನೆಗೆ ಕಾರ್ನ್‌ವಾಲಿನ ಜಮೈಕಾ ಇನ್ ಎಂಬ ವಸತಿಗೃಹವನ್ನು ಸೇರಿತ್ತು. ಸುಮಾರು ಹತ್ತು ಸಾವಿರ ವಸ್ತುಗಳಿದ್ದ ಅದನ್ನು 2003ರ ಸೆಪ್ಟೆಂಬರಿನಲ್ಲಿ ಬಾನಮ್ಸ್ ಸಂಸ್ಥೆಯು ಬಿಡಿಬಿಡಿಯಾಗಿ ಹರಾಜು ಹಾಕಿತು. ಒಟ್ಟು ಐದು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಬೆಕ್ಕಿನ ಮರಿಗಳ ಮದುವೆಯೊಂದೇ ಇಪ್ಪತ್ತು ಸಾವಿರ ಪೌಂಡನ್ನು ಮೀರಿತು. ಕಲಾವಿದ ಡೇಮಿಯನ್ ಹರ್ಸ್ಟ್ ತಾನು ಇಡೀ ಸಂಗ್ರಹಕ್ಕೆ ಹತ್ತು ಲಕ್ಷ ಪೌಂಡ್ ಕೊಡಲು ಸಿದ್ಧನಿದ್ದೆನೆಂದು ಪತ್ರಿಕೆಯಲ್ಲಿ ಬರೆದ, ಅದು ಕೈಗೂಡಲಿಲ್ಲ. ಇಡಿಯಾಗಿ ಕೊಟ್ಟಿದ್ದರೆ ಬರಬಹುದಾಗಿದ್ದ ಬೆಲೆ ಬಿಡಿಯಾಗಿ ಮಾರಿದಾಗ ಬರಲಿಲ್ಲವೆಂಬುದು ವ್ಯಾಪಾರಿಗೆ ಸ್ವಾರಸ್ಯಕರ. ಸಾಮಾನ್ಯವಾಗಿ ಹಳೆಯ ವಸ್ತುಗಳ ಪೇಟೆಯ ಲೆಕ್ಕ ಇದಕ್ಕೆ ವಿರುದ್ಧ: ಒಡೆದು ಮಾರಿದರೇ ಲಾಭ. 2010ರಲ್ಲಿ ಲಂಡನ್ನಿನ 'ಮ್ಯೂಸಿಯಂ ಆಫ್ ಎವ್ವೆರಿಥಿಂಗ್'ನ ಪ್ರದರ್ಶನಕ್ಕೆಂದು ಕೆಲವು ಪೆಟ್ಟಿಗೆಗಳನ್ನು ಬೇರೆ ಬೇರೆ ಒಡೆಯರಿಂದ ಎರವಲು ತಂದು ಕೂಡಿಸಿದರು. ಪ್ರದರ್ಶನ ಮುಗಿದೊಡನೆ ಅವು ಮತ್ತೆ ಚದುರಿದವು. ಒಡೆದು ಮಾರುವ ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಇದೆಲ್ಲ ಇಂಗ್ಲೆಂಡಿನ ಮಾತಾಯಿತೆಂದು ನಾವು ನಿಶ್ಚಿಂತರಾಗಬೇಕಿಲ್ಲ. ಈ ಕಸಬಿನಲ್ಲಿ ಲೋಕಪ್ರಸಿದ್ಧಿ ಪಡೆದ ಒಂದು ಕಾರ್ಖಾನೆ ಇದ್ದುದು ಮೈಸೂರಿನಲ್ಲಿ. ವ್ಯಾನ್ ಇಂಗೆನ್ ಕುಟುಂಬದವರು 1900ರ ಸುಮಾರಿನಿಂದ 1999ರವರೆಗೆ ಅಲ್ಲಿ ಹತ್ತಾರು ಸಾವಿರ ಹುಲಿ ಚಿರತೆಗಳ ಚರ್ಮವನ್ನೂ ತಲೆಯನ್ನೂ ಹದಮಾಡಿ ಕೊಟ್ಟರು. ಅರಸರು, ಬ್ರಿಟಿಷ್ ಅಧಿಕಾರಿಗಳು, ಅತಿಥಿಗಳು ಬೇಟೆಯಾಡಿದುದೆಲ್ಲ ಅಲ್ಲಿಗೆ ಬರುತ್ತಿತ್ತು. ಇಂದು ಬ್ರಿಟನ್ನಿನ ಹರಾಜುಗಳಲ್ಲಿ ಹುಲಿಯ ತಲೆಯ ಹಿಂಬದಿಯ ಹಲಗೆಯ ಮೇಲೆ ಆ ಮನೆತನದ ಮತ್ತು ಮೈಸೂರಿನ ಹೆಸರಿದ್ದರೆ ಬೆಲೆ ಏರುತ್ತದೆ. ಪಾಟರನ ಮರಿಗಳು ಬೇಡವಾದವು. ಮೈಸೂರಿನಲ್ಲಿ ಹದವಾದ ಹುಲಿಗಳು ಬೇಕೆಂದೇ ಕೊಂದವು. ಮಾರಾಟದ ಪುಟದಲ್ಲಿ ಈ ಎರಡಕ್ಕೂ ಒಂದೇ ವಿಶೇಷಣ: 'ಅಪರೂಪದ ಹಳೆಯ ಕುಶಲಕೃತಿ'.

ಕಾಲವು ವಸ್ತುವನ್ನು ಶುದ್ಧಗೊಳಿಸುತ್ತದೆಯೇ ಎಂಬ ಪ್ರಶ್ನೆಗೆ ದೇಶಗಳ ಶಾಸನಗಳೇ ಎರಡು ಬಗೆಯ ಉತ್ತರ ಕೊಟ್ಟಿವೆ. ಆನೆಯ ದಂತದ ವಿಷಯದಲ್ಲಿ ಶಾಸನಕರ್ತರು ಹಳತಿಗೆ ರಿಯಾಯಿತಿ ತೋರಿದ್ದಾರೆ. ಅಮೆರಿಕವು 2016ರಲ್ಲಿ ದಂತದ ವಹಿವಾಟನ್ನು ಬಹುತೇಕ ನಿಷೇಧಿಸಿದರೂ ನೂರು ವರ್ಷ ದಾಟಿದ, ಅದಕ್ಕೆ ದಾಖಲೆಯುಳ್ಳ ವಸ್ತುಗಳನ್ನು ಹೊರತಾಗಿಸಿತು. ಬ್ರಿಟನ್ನಿನ 2018ರ ದಂತ ಕಾಯಿದೆಯು 2022ರಲ್ಲಿ ಜಾರಿಗೆ ಬಂದಾಗಲೂ, 1918ಕ್ಕಿಂತ ಹಿಂದಿನ ಉತ್ಕೃಷ್ಟ ಕಲಾಕೃತಿಗಳಿಗೆ ಅವಕಾಶ ಉಳಿಯಿತು. ಇದರ ಫಲವನ್ನು ವ್ಯಾಪಾರ ಬಲ್ಲ ಯಾರಾದರೂ ಊಹಿಸಬಹುದು. ಹಳೆಯ ದಂತಕ್ಕೆ ಬೆಲೆಯಿದ್ದರೆ ಹೊಸ ದಂತವು ಚಹದ ಕಷಾಯದಲ್ಲಿ ಮುಳುಗಿ ಹಳತಾಗಿ ಹೊರಬರುತ್ತದೆ. 'ಈಬೇ' ಸಂಸ್ಥೆಯು 2009ರಲ್ಲಿ ದಂತದ ಮಾರಾಟವನ್ನು ನಿಲ್ಲಿಸಿತು. ನಿಂತದ್ದು ಹೆಸರು ಮಾತ್ರ, ಬೇರೆ ಹೆಸರಿನಿಂದ ಮಾರುವವರು ಆಮೇಲೂ ಸಿಕ್ಕಿಬಿದ್ದಿದ್ದಾರೆ.

ಹಕ್ಕಿಯ ಗರಿಯ ವಿಷಯದಲ್ಲಿ ಅಮೆರಿಕದ ನಿಲುವು ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು ಅಮೆರಿಕಗಳ ಸ್ತ್ರೀಯರು ಟೋಪಿಗೆ ಬೆಳ್ಳಕ್ಕಿಯ ಗರಿಯನ್ನು, ಕೆಲವೊಮ್ಮೆ ಇಡಿಯ ಹಕ್ಕಿಯನ್ನೇ, ಸಿಕ್ಕಿಸಿಕೊಳ್ಳುತ್ತಿದ್ದರು. ಬೆಳ್ಳಕ್ಕಿಗೆ ಆ ನವುರಾದ ಗರಿ ಬರುವುದು ಮರಿ ಮಾಡುವ ಕಾಲದಲ್ಲಿ. ಆದ್ದರಿಂದ ತಾಯಿಯನ್ನು ಕೊಂದರೆ ಗೂಡಿನಲ್ಲಿ ಮರಿಗಳೂ ಸಾಯುತ್ತಿದ್ದವು. ಇದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನಲ್ಲಿ ಸ್ತ್ರೀಯರೇ ಪಕ್ಷಿರಕ್ಷಣಾ ಸಂಘವನ್ನು ಕಟ್ಟಿದರು. ಭಾರತದಿಂದ ಗರಿಗಳ ರಫ್ತನ್ನು 1902ರಲ್ಲಿಯೇ ನಿಷೇಧಿಸಲಾಯಿತು. ಅಮೆರಿಕದ 1918ರ ವಲಸೆಹಕ್ಕಿಗಳ ಕಾಯಿದೆಯ ಪ್ರಕಾರ, ರಕ್ಷಿತ ಹಕ್ಕಿಯ ಗರಿಯುಳ್ಳ ಟೋಪಿಯು ಎಷ್ಟೇ ಹಳೆಯದಾಗಲಿ, ಅದನ್ನು ಮಾರುವಂತಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿದ್ದರೆ ಇಟ್ಟುಕೊಳ್ಳಬಹುದು, ಅಂಗಡಿಗೆ ತರುವಂತಿಲ್ಲ. ಸ್ಮರಣೆಗೆ ಅಡ್ಡಿಯಿಲ್ಲ, ಬೆಲೆಗೆ ಅಡ್ಡಿಯಿದೆ. ನನಗೆ ಈ ಎರಡನೆಯ ಶಾಸನವೇ ಹೆಚ್ಚು ವಿವೇಕಯುತವಾಗಿ ಕಾಣುತ್ತದೆ.

ನಮ್ಮ ಶ್ರಾವಕಾಚಾರ ಗ್ರಂಥಗಳು ಇದೇ ವಿಚಾರವನ್ನು ಬಹು ಹಿಂದೆ ಎತ್ತಿವೆ. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಬಗೆಯ ಕ್ರೂರ ವೃತ್ತಿಗಳಲ್ಲಿ ದಂತವಾಣಿಜ್ಯವೂ ಒಂದು. ಅದರಲ್ಲಿ ದಂತ ಮಾತ್ರವಲ್ಲದೆ ಉಗುರು, ಕೂದಲು, ಚರ್ಮ ಮುಂತಾದುವೂ ಸೇರುತ್ತವೆ. ವ್ಯಾಪಾರಿಯು ಮುಂಗಡ ಹಣ ಕೊಟ್ಟರೆ ಬೇಡರು ಆನೆಯನ್ನು ಕೊಲ್ಲುತ್ತಾರೆಂಬುದು ಅಲ್ಲಿ ಕೊಡುವ ಕಾರಣ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಆಚಾರ್ಯರು ಬೇಡಿಕೆಯ ಸರಪಳಿಯನ್ನು ಇಷ್ಟು ಸ್ಪಷ್ಟವಾಗಿ ಕಂಡಿದ್ದರು. ವಾಣಿಜ್ಯಶಾಸ್ತ್ರದ ಪದವಿಗೆ ನಾನು ಓದಿದ ಪಠ್ಯಗಳಲ್ಲಿ ಬೇಡಿಕೆಯ ಅಧ್ಯಾಯಕ್ಕೆ ಈ ನೈತಿಕ ಟಿಪ್ಪಣಿ ಇರಲಿಲ್ಲ. ಇನ್ನೊಂದೆಡೆ, ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯೂ ನವಿಲುಗರಿಯದೇ. ಆದರೆ ಅದು ನವಿಲು ತಾನಾಗಿ ಉದುರಿಸಿದ ಗರಿಯಾಗಿರಬೇಕೆಂಬುದು ನಿಯಮ. ಗರಿಯೊಂದೇ, ಬಿದ್ದದ್ದು ಬೇರೆ, ಕಿತ್ತದ್ದು ಬೇರೆ. ಇಲ್ಲಿ ವಯಸ್ಸಿನ ಮಾತೇ ಬರುವುದಿಲ್ಲ. ವಸ್ತು ಹೇಗೆ ದೊರೆಯಿತೆಂಬುದೇ ಮುಖ್ಯ.

ಬಟ್ಟೆಯ ವಿಷಯಕ್ಕೆ ಬರುವಾಗ ನನ್ನ ಧಾಟಿ ಸ್ವಲ್ಪ ಮೃದುವಾಗುತ್ತದೆ. ಹಳೆಯ ಹತ್ತಿಯ ಸೀರೆ, ಖಾದಿಯ ಅಂಗಿ, ಒಳ್ಳೆಯ ಹೊಲಿಗೆಯ ಕೋಟು ಇವನ್ನು ಕೊಂಡು ಉಡುವ ಯುವಜನರನ್ನು ಹಿರಿಯರು ಹೀಗಳೆಯುವುದುಂಟು. ಅದು ಸಲ್ಲದು. ಹೊಸ ಬಟ್ಟೆಗಾಗಿ ನಡೆಯುವ ಬಣ್ಣ, ನೀರು, ಯಂತ್ರಗಳ ಆರಂಭವೆಲ್ಲ ಅಷ್ಟರಮಟ್ಟಿಗೆ ತಪ್ಪುತ್ತದೆ; ಅಣ್ಣನ ಅಂಗಿಯನ್ನು ತಮ್ಮ ತೊಡುತ್ತಿದ್ದ ನಮ್ಮ ಮನೆಗಳ ಕ್ರಮವೂ ಇದೇ ಅಲ್ಲವೇ? ರೇಷ್ಮೆಯ ವಿಷಯದಲ್ಲಿ ಪ್ರಶ್ನೆ ಕಠಿಣ. ಒಂದು ಸೀರೆಗೆ ಸಾವಿರಾರು ಗೂಡುಗಳನ್ನು ಹುಳುವಿದ್ದಂತೆಯೇ ಬೇಯಿಸಿರುತ್ತಾರೆ. ಮನೆಯಲ್ಲಿ ಹಿರಿಯರಿಂದ ಬಂದದ್ದನ್ನು ಉಟ್ಟು ಸವೆಸುವುದು ಒಂದು. ಹಳೆಯ ಮೈಸೂರು ರೇಷ್ಮೆಯೆಂದು ಅಂತರ್ಜಾಲದಲ್ಲಿ ಹತ್ತು ಸೀರೆ ಕೊಂಡು ಬೀರುವಿನಲ್ಲಿ ಮಡಿಸಿಡುವುದು ಇನ್ನೊಂದು. ಎರಡನೆಯದು ಉಡುಪಲ್ಲ, ದಾಸ್ತಾನು.

ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಹೊಲ, ಮನೆ, ಬಂಗಾರ, ಧಾನ್ಯ ಮುಂತಾದವುಗಳ ಕೊನೆಯಲ್ಲಿ 'ಕುಪ್ಯ'ವನ್ನು ಎಣಿಸುತ್ತದೆ. ಪೂಜ್ಯಪಾದರು ಇದಕ್ಕೆ ನಾರುಬಟ್ಟೆ, ಹತ್ತಿ, ರೇಷ್ಮೆ, ಚಂದನ ಮುಂತಾದುವೆಂದು ಅರ್ಥ ಹೇಳಿದ್ದಾರೆ. ಆಸ್ತಿಪಟ್ಟಿ ಬರೆಯುವಾಗ ನಾವು ಹೊಲ ಮನೆಗಳನ್ನು ಜಾಗ್ರತೆಯಿಂದ ಬರೆದು, ಕುಪ್ಯದ ಖಾನೆಯನ್ನು ಖಾಲಿ ಬಿಡುತ್ತೇವೆ. ಹಳೆಯ ಗೊಂಬೆ, ಗಡಿಯಾರ, ಟೋಪಿ, ನಾಣ್ಯ ಎಲ್ಲವೂ ಆ ಖಾನೆಗೇ ಸೇರಬೇಕಾದುವು. ಅದೇ ಗ್ರಂಥವು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ಮೈಮರೆಸುವ ಅಂಟೆಂದು, ನಿರೂಪಿಸುವುದನ್ನು ನೆನೆದರೆ, ವಸ್ತುವಿನ ಬೆಲೆ ಎರಡು ರೂಪಾಯಿಯೋ ಎರಡು ಲಕ್ಷವೋ ಎಂಬುದು ಮುಖ್ಯವಾಗುವುದಿಲ್ಲ.

ಈ ಮೂರ್ಛೆಯನ್ನು ತಯಾರಿಸಿಯೂ ಮಾರಬಹುದೆಂಬುದಕ್ಕೆ ಅಮೆರಿಕದ 'ಬೀನಿ ಬೇಬಿ' ಗೊಂಬೆಗಳು ನಿದರ್ಶನ. ಪ್ಲಾಸ್ಟಿಕ್ ಕಾಳು ತುಂಬಿದ, ಸುಮಾರು ಐದು ಡಾಲರಿನ ಈ ಬಟ್ಟೆಗೊಂಬೆಗಳನ್ನು ಟೈ ವಾರ್ನರ್ 1993ರಲ್ಲಿ ಪೇಟೆಗೆ ತಂದ. ಒಂದೊಂದು ಮಾದರಿಯನ್ನು ಆಗಾಗ 'ನಿವೃತ್ತ'ಗೊಳಿಸಿ ಕೊರತೆಯನ್ನು ಸೃಷ್ಟಿಸಿದ. ಜನ ಮಕ್ಕಳ ಕೈಗೆ ಗೊಂಬೆ ಕೊಡದೆ, ಅದರ ಕಿವಿಯ ಚೀಟಿಗೆ ಪ್ಲಾಸ್ಟಿಕ್ ಕವಚ ತೊಡಿಸಿ ಪೆಟ್ಟಿಗೆಯಲ್ಲಿಟ್ಟರು. ಅಂತರ್ಜಾಲದ ಹರಾಜು ಬೆಳೆದುದರಲ್ಲಿ ಈ ಗೊಂಬೆಗಳ ಪಾಲು ಗಣನೀಯ. 1999ರ ಡಿಸೆಂಬರಿನೊಂದಿಗೆ ತಯಾರಿಕೆ ಮುಗಿಯಿತೆಂದು ಸಾರಿ, ಅನಂತರ ಜನಮತ ಕೇಳಿ ಮುಂದುವರಿಸಿದರು. ಸ್ವಲ್ಪ ಕಾಲದಲ್ಲಿಯೇ ಬೆಲೆ ಕುಸಿಯಿತು. ಈ ಹರಾಜುಕಟ್ಟೆಯ ಹುಟ್ಟಿನ ಕಥೆಯೂ ಸ್ವಾರಸ್ಯಕರವಾಗಿದೆ. 1995ರಲ್ಲಿ ಪಿಯರ್ ಒಮಿಡ್ಯಾರ್ ಈಬೇಯನ್ನು ಆರಂಭಿಸಿದ್ದು ತನ್ನ ಭಾವೀ ಪತ್ನಿಗೆ 'ಪೆಜ್' ಎಂಬ ಹಳೆಯ ಪೆಪ್ಪರಮಿಂಟು ಡಬ್ಬಿಗಳನ್ನು ಸಂಗ್ರಹಿಸಲು ಅನುಕೂಲವಾಗಲೆಂದು ಎಂಬ ಕಥೆ ಬಹಳ ಕಾಲ ಪ್ರಚಾರದಲ್ಲಿತ್ತು. ಅದನ್ನು ಪ್ರಚಾರ ವಿಭಾಗದವರು ಪತ್ರಿಕೆಗಳಿಗಾಗಿ ಹೊಸೆದರೆಂಬುದು 2002ರಲ್ಲಿ ಬಹಿರಂಗವಾಯಿತು. ಅಲ್ಲಿ ಮೊದಲು ಮಾರಾಟವಾದುದೆಂದು ಹೇಳಲಾಗುವುದು ಕೆಟ್ಟುಹೋದ ಒಂದು ಲೇಸರ್ ಸೂಚಕ. ನೆನಪನ್ನು ಮಾರುವ ಅಂಗಡಿಗೆ ನೆನಪೂ ನಕಲಿಯದೇ ಬೇಕಾಯಿತು!

ಇನ್ನು ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ರಾಜಸ್ಥಾನದ ಹಳೆಯ ಛಾಪಾಕಾಗದ, ಅಂಚೆ ಕಾರ್ಡು, ವ್ಯಾಪಾರಿಗಳ ಬಹಿಖಾತೆಯ ಹಾಳೆ ಇವುಗಳ ಮೇಲೆ ಹೊಸದಾಗಿ ಆನೆ, ನವಿಲು, ಒಂಟೆಗಳ ಚಿತ್ರ ಬರೆದು ಮಾರುವುದು ಈಗ ದೊಡ್ಡ ಉದ್ಯಮ. ಚಿತ್ರ ಹೊಸದು, ಕಾಗದ ಹಳೆಯದು ಎಂದು ಪ್ರಾಮಾಣಿಕವಾಗಿ ಹೇಳಿ ಮಾರುವವರಿದ್ದಾರೆ, ಹೇಳದವರೂ ಇದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪ್ರತಿರೂಪಕ ವ್ಯವಹಾರವೆಂದರೆ ಇದೇ. ಯಾವ ಶೆಟ್ಟಿಯ ಯಾವ ವರ್ಷದ ಜಮಾಖರ್ಚೋ ಒಂಟೆಯ ಕಾಲಿನ ಕೆಳಗೆ ಅರ್ಧ ಕಾಣಿಸುತ್ತಿರುತ್ತದೆ. ಲೆಕ್ಕ ಬರೆದು ಬಾಳಿದ ನನಗೆ ಆ ಹಾಳೆಗಳನ್ನು ಕಂಡರೆ ಒಂಟೆಗಿಂತ ಆ ಅಂಕಿಗಳ ಮೇಲೆಯೇ ಕಣ್ಣು ಹೋಗುತ್ತದೆ.

ಇದಕ್ಕಿಂತ ದುಃಖಕರವಾದುದು ನಿಜವಾದ ಹಸ್ತಪ್ರತಿಗಳನ್ನು ಒಡೆದು ಮಾರುವುದು. ಹದಿನಾಲ್ಕು, ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಗುಜರಾತ ರಾಜಸ್ಥಾನಗಳ ಶ್ವೇತಾಂಬರ ಶ್ರಾವಕರು ಪುಣ್ಯಕ್ಕಾಗಿ ಬರೆಸಿ ಭಂಡಾರಗಳಿಗೆ ಅರ್ಪಿಸಿದ ಸಚಿತ್ರ ಕಲ್ಪಸೂತ್ರದ ಹಾಳೆಗಳು ಇಂದು ಜಗತ್ತಿನ ಹಲವು ಸಂಗ್ರಹಾಲಯಗಳಲ್ಲಿಯೂ ಖಾಸಗಿ ಗೋಡೆಗಳ ಮೇಲೂ ಒಂಟಿಯಾಗಿವೆ. ಅಹಮದಾಬಾದಿನ ದೇವಶಾನೋ ಪಾಡೋ ಭಂಡಾರದ, ಸುಮಾರು 1475ರ ಪ್ರಸಿದ್ಧ ಪ್ರತಿಯ ಹಾಳೆಗಳೂ ಹೀಗೆಯೇ ಚದುರಿವೆ. ಒಡೆಯುವವನ ಲೆಕ್ಕ ಸರಳ. ನೂರು ಹಾಳೆಯ ಗ್ರಂಥದಲ್ಲಿ ನಲವತ್ತರಲ್ಲಿ ಚಿತ್ರವಿದ್ದರೆ, ಗ್ರಂಥಕ್ಕೆ ಒಬ್ಬನೇ ಗಿರಾಕಿ, ಚಿತ್ರಗಳಿಗೆ ನಲವತ್ತು ಮಂದಿ. ಉಳಿದ ಅರುವತ್ತು ಹಾಳೆಗಳಿಗೆ, ಅಂದರೆ ಶಾಸ್ತ್ರಕ್ಕೆ, ಗಿರಾಕಿಯಿಲ್ಲ. ಚಿತ್ರದ ಹಿಂಬದಿಯಲ್ಲಿ ವಾಕ್ಯವು ಅರ್ಧಕ್ಕೆ ನಿಂತಿರುತ್ತದೆ. ಕೊಂಡವನು ಆ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ ಚೌಕಟ್ಟು ಹಾಕಿಸುತ್ತಾನೆ. ಪಾಟರನ ಸಂಗ್ರಹವನ್ನು ಬಿಡಿಸಿದಾಗ ಪ್ರತಿಯೊಂದು ಪೆಟ್ಟಿಗೆಯಾದರೂ ಇಡಿಯಾಗಿ ಉಳಿಯಿತು. ಇಲ್ಲಿ ಅದೂ ಇಲ್ಲ.

ಇದಕ್ಕೆ ಪ್ರತಿಯಾಗಿ ಮೂಡಬಿದಿರೆಯ ಸಿದ್ಧಾಂತ ಬಸದಿಯನ್ನು ನೆನೆಯಬೇಕು. ಧವಲಾ, ಜಯಧವಲಾ, ಮಹಾಧವಲಾ ಟೀಕೆಗಳ ತಾಳೆಗರಿಯ ಪ್ರತಿಗಳು ಹನ್ನೆರಡನೆಯ ಶತಮಾನದಿಂದ ಬಂದು ಅಲ್ಲಿ ಒಂದೆಡೆ ಇದ್ದುದರಿಂದಲೇ ಅವುಗಳ ನಕಲು ಸಾಧ್ಯವಾಯಿತು, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತ ಷಟ್‌ಖಂಡಾಗಮವು ಹದಿನಾರು ಸಂಪುಟಗಳಲ್ಲಿ ಮುದ್ರಣ ಕಂಡಿತು. ಆ ಗರಿಗಳಲ್ಲಿಯೂ ಸುಂದರ ಚಿತ್ರಗಳಿವೆ. ಯಾವನೋ ಒಬ್ಬ ರಸಿಕನು ಹಿಂದೆಯೇ ಬಂದು ಚಿತ್ರದ ಗರಿಗಳನ್ನಷ್ಟೇ ಕೊಂಡುಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಅಷ್ಟು ಪುರಾತನವಾದ ಗ್ರಂಥವನ್ನು ಕಾಪಾಡಿದ ಭಟ್ಟಾರಕರಿಗೂ ಪಂಚರಿಗೂ ಅದು 'ಹಳೆಯ ವಸ್ತು' ಆಗಿರಲಿಲ್ಲ.

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ವಿಗ್ರಹ, ಚಿತ್ರ ಮುಂತಾದುವೂ, ಎಪ್ಪತ್ತೈದು ವರ್ಷ ದಾಟ��ದ ಮಹತ್ತ್ವದ ಹಸ್ತಪ್ರತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಆದರೆ ಯಾವ ಕಾಯಿದೆಯೂ ಪಟ್ಟಿಯಿಲ್ಲದ ವಸ್ತುವನ್ನು ಹಿಂದಕ್ಕೆ ತರಲಾರದು. ಕಳುವಾದುದು ನಮ್ಮದೆಂದು ಹೇಳಲು ನಮ್ಮ ಬಳಿ ಅದರ ಚಿತ್ರವಿರಬೇಕು, ಅಳತೆಯಿರಬೇಕು. ಕದ್ದು ತಂದುದನ್ನು ಸ್ವೀಕರಿಸುವುದೂ ಅಚೌರ್ಯದ ಅತಿಚಾರವೇ ಎಂದು ಕೊಳ್ಳುವವರಿಗೆ ನೆನಪಿಸಬಹುದು. ಹಾಗೆ ನೆನಪಿಸುವಷ್ಟೇ ಪಟ್ಟಿ ಮಾಡದ ನಮ್ಮ ಮಂಡಳಿಗಳನ್ನೂ ಕೇಳಬೇಕಾಗುತ್ತದೆ.

ಜೀರ್ಣೋದ್ಧಾರದ ಕಾಲದಲ್ಲಿ ಅಪಾಯ ಹೆಚ್ಚು. ಹೊಸ ಬಾಗಿಲು ಬಂದಾಗ ಹಳೆಯ ಕೆತ್ತನೆಯ ಬಾಗಿಲನ್ನು, ಹೊಸ ದೀಪ ಬಂದಾಗ ಹಳೆಯ ಕಂಚಿನ ದೀಪವನ್ನು 'ಹಳೆಯ ಸಾಮಾನು' ಎಂಬ ಒಂದೇ ಸಾಲಿನಲ್ಲಿ ತೂಕದ ಲೆಕ್ಕಕ್ಕೆ ಬರೆದು ವಿಲೇವಾರಿ ಮಾಡುವ ಪದ್ಧತಿ ಕೂಡಲೇ ನಿಲ್ಲಬೇಕು. ಬಸದಿಯಲ್ಲಿ, ಮಠದಲ್ಲಿ, ಹಿರಿಯರ ಮನೆಯ ಪೆಟ್ಟಿಗೆಯಲ್ಲಿ ಇರುವ ಪ್ರತಿಯೊಂದು ಕಟ್ಟಿನ ಗರಿಗಳ ಸಂಖ್ಯೆ, ಉದ್ದಗಲ, ಮೊದಲ ಮತ್ತು ಕೊನೆಯ ಗರಿಯ ಛಾಯಾಚಿತ್ರ, ಚಿತ್ರವಿರುವ ಗರಿಗಳ ಕ್ರಮಾಂಕ ಇಷ್ಟನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದು ಇಬ್ಬರು ಪಂಚರು ಸಹಿ ಹಾಕಬೇಕು. ಅದರ ಒಂದು ಪ್ರತಿ ಊರಿನ ಹೊರಗೆ ಬೇರೊಂದು ಮಂಡಳಿಯ ಬಳಿ ಇರಬೇಕು. ಕೇಂದ್ರ ಸರಕಾರದ ಹಸ್ತಪ್ರತಿ ಅಭಿಯಾನವು 2003ರಿಂದ ಇಂಥ ಪಟ್ಟಿಗಳನ್ನು ಮಾಡಿಸುತ್ತ ಬಂದಿದೆ. 2025ರಲ್ಲಿ ಅದಕ್ಕೆ 'ಜ್ಞಾನ ಭಾರತಂ' ಎಂಬ ಹೊಸ ರೂಪ ಬಂದಿದೆ. ಅವರು ಬರುವವರೆಗೆ ಕಾಯಬೇಕಾಗಿಲ್ಲ. ಸಾಧಾರಣ ಗಾತ್ರದ ಒಂದು ಬಸದಿಯ ಮಟ್ಟಿಗೆ ಹಳೆಗನ್ನಡ ಓದಬಲ್ಲ ಒಬ್ಬ ಹಿರಿಯರು, ಮೊಬೈಲ್ ಫೋನು ಹಿಡಿದ ಒಬ್ಬ ಕಾಲೇಜು ವಿದ್ಯಾರ್ಥಿ, ಅಳತೆಯ ಒಂದು ಪಟ್ಟಿ ಮತ್ತು ನಾಲ್ಕು ಭಾನುವಾರ ಸಾಕು.